ಕಾಳಿಂಗನ ಅರ್ಜಿ ಮೊದಲು ಬರೆ

ಶಿರಸಿ

ತಂಗೀ,

ನಿನ್ನ ಚಿತ್ರಕಥೆ ಓದಿದೆ, ಜೊತೆಗಿಟ್ಟ ಪತ್ರವನ್ನೂ ಓದಿದೆ. ಕಾರವಾರದಲ್ಲಿ ಸೂಪರ್‌ಹೀರೋ ಹುಟ್ಟಿಸಲು ಹೊರಟದ್ದೇ ತಪ್ಪಾಯಿತೇ, ಬರೆಯುವುದನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಬಿಡಬೇಡ. ಯಾವ ಸಾಫ್ಟ್‌ವೇರಿನಲ್ಲಿ ಬರೆಯಬೇಕು, ಎಷ್ಟು ಪುಟ ಇರಬೇಕು, ಯಾವ ನಿರ್ಮಾಪಕರಿಗೆ ಕಳಿಸಬೇಕು ಎಂಬ ನಿನ್ನ ಪ್ರಶ್ನೆಗಳನ್ನು ಪಕ್ಕಕ್ಕಿಡುತ್ತೇನೆ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಮಾತಾಡಬೇಕಿರುವುದು ನಿನ್ನ 61ನೇ ಪುಟದ ಬಗ್ಗೆ.

ಅಲ್ಲಿಯವರೆಗೆ ನಿನ್ನ ಖಳನಾಯಕ ಕಾಳಿಂಗ ಜೀವಂತ ಮನುಷ್ಯ. ಅಪ್ಪನ ಗದ್ದೆ ಕದ್ರಾ ಅಣೆಕಟ್ಟಿನ ನೀರಿನಡಿ ಹೋಗಿದೆ. ಬದಲಿಗೆ ಕೊಟ್ಟ ಜಾಗದಲ್ಲಿ ಬಾವಿ ತೋಡಿದರೆ ಬರೀ ಬಂಡೆ. ಕಚೇರಿಯ ಮೆಟ್ಟಿಲು ಹತ್ತುವಾಗ ಅವನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ ಎಂದು ಬರೆದೆಯಲ್ಲ, ಆ ಒಂದು ಸಾಲಿಗಾಗಿ ಈ ಪತ್ರ ಬರೆಯುತ್ತಿದ್ದೇನೆ. ಆಮೇಲೆ 61ನೇ ಪುಟದಲ್ಲಿ ಅವನು ಶಾಲೆಗೆ ಹೊರಟ ಹುಡುಗಿಯನ್ನು ಎತ್ತಿ ಕಾಳಿ ನದಿಗೆ ಎಸೆಯುತ್ತಾನೆ. ಯಾಕೆ? ಆ ಹುಡುಗಿಗೂ ಅವನ ಗದ್ದೆಗೂ ಏನು ಸಂಬಂಧ? ಎಸೆದದ್ದು ಕಾಳಿಂಗ ಅಲ್ಲ, ನೀನು. ನೋಡುವವರು ಅವನ ಕಡೆ ವಾಲಿಬಿಟ್ಟರೆ ಎಂದು ಹೆದರಿ ಅವನ ಕೈಯಲ್ಲಿ ಒಂದು ಕೊಲೆ ಮಾಡಿಸಿದೆ. ಅಲ್ಲಿಂದ ಮುಂದೆ ಗದ್ದೆಯ ಮಾತು ಯಾರೂ ಎತ್ತಬೇಕಾಗಿಲ್ಲ. ನಾಯಕ ಆರಾಮಾಗಿ ಹೊಡೆಯಬಹುದು.

ಇದು ನಿನ್ನೊಬ್ಬಳ ಚಾಳಿಯಲ್ಲ. ಕಥಾ ಚರ್ಚೆಗೆ ಕೂತಲ್ಲೆಲ್ಲ "ಸೆಕೆಂಡ್ ಹಾಫಿನಲ್ಲಿ ವಿಲನ್ ಕೈಲಿ ಒಂದು ಕ್ರೌರ್ಯ ಮಾಡಿಸಿ, ಇಲ್ಲದಿದ್ದರೆ ಜನ ಅವನಿಗೇ ಚಪ್ಪಾಳೆ ಹೊಡೆಯುತ್ತಾರೆ" ಎನ್ನುವವರು ಒಬ್ಬರಾದರೂ ಇರುತ್ತಾರೆ. ಈ ಸಲಹೆಯ ಮೇಲೆ ನನಗೆ ಹಳೆಯ ಸಿಟ್ಟಿದೆ, ಇನ್ನೂ ಇಳಿದಿಲ್ಲ. ಭೂಮಿ ಕಳೆದುಕೊಂಡವನು, ಕೆಲಸ ಕಳೆದುಕೊಂಡವನು, ಗಡಿಯಾಚೆ ತಳ್ಳಿಸಿಕೊಂಡವನು ಬಾಯಿ ತೆರೆದ ಕೂಡಲೇ ಅವನ ಕೈಗೆ ರಕ್ತ ಹಚ್ಚಿ ಕೂರಿಸುವ ಬುದ್ಧಿ ಅದು. ಪ್ರಶ್ನೆ ಕೇಳಿದಂತೆಯೂ ಆಯಿತು, ಉತ್ತರ ಕೊಡುವ ಕಷ್ಟವೂ ತಪ್ಪಿತು.

ನೀನು ಮೆಚ್ಚಿ ಬರೆದ ಚಿತ್ರಗಳನ್ನೇ ತೆಗೆದುಕೋ. 2021ರ 'ದಿ ಫಾಲ್ಕನ್ ಆ್ಯಂಡ್ ದಿ ವಿಂಟರ್ ಸೋಲ್ಜರ್' ಸರಣಿಯ ಕಾರ್ಲಿ ನೆನಪಿದ್ದಾಳೆಯೇ? ಥಾನೋಸ್ ಎಂಬ ಖಳ ಮಾಯಮಾಡಿದ್ದ ಅರ್ಧ ಜಗತ್ತು ಮರಳಿ ಬಂದಾಗ, ಅಷ್ಟರಲ್ಲಿ ನೆಲೆ ಕಂಡುಕೊಂಡಿದ್ದ ಜನರನ್ನು ಎಬ್ಬಿಸಿ ಓಡಿಸಲು ಸರಕಾರಗಳು ಹೊರಡುತ್ತವೆ. ಅವಳು ಅವರ ಪರ ನಿಲ್ಲುತ್ತಾಳೆ. ಅವಳ ಮಾತಿಗೆ ಎದುರುತ್ತರ ಸಿಗದೇ ಹೋದಾಗ, ಒಳಗೆ ಕಟ್ಟಿಹಾಕಿದ ಮನುಷ್ಯರಿರುವ ಕಟ್ಟಡವನ್ನೇ ಕಥೆ ಬರೆದವರು ಅವಳ ಕೈಯಿಂದ ಉಡಾಯಿಸುತ್ತಾರೆ. ಕೊನೆಗೆ ಅವಳು ಹೇಳಬೇಕಾದದ್ದನ್ನೆಲ್ಲ ನಾಯಕನೇ ಭಾಷಣ ಮಾಡಿ ಹೇಳುತ್ತಾನೆ, ಅವಳ ಹೆಣದ ಮುಂದೆ. ಸರಿಯಾದ ಮಾತೇ, ಆದರೆ ಬದುಕಿದ್ದಾಗ ಅವಳ ಬಾಯಲ್ಲೇ ಯಾಕೆ ನಿಲ್ಲಲಿಲ್ಲ?

2018ರ 'ಬ್ಲ್ಯಾಕ್ ಪ್ಯಾಂಥರ್' ಇದಕ್ಕಿಂತ ಬಹಳ ಮೇಲು, ಅದರಲ್ಲೂ ಈ ತಪ್ಪಿನ ಒಂದು ಚೂರಿದೆ. ಅದರ ಖಳ ಕಿಲ್‌ಮಂಗರ್, ವಕಾಂಡ ಎಂಬ ಕಾಲ್ಪನಿಕ ಆಫ್ರಿಕನ್ ರಾಜ್ಯದ ಆಯುಧಗಳನ್ನು ಜಗತ್ತಿನ ತುಳಿತಕ್ಕೊಳಗಾದ ಕಪ್ಪು ಜನರಿಗೆ ಕಳಿಸಲು ಹೊರಡುತ್ತಾನೆ. ತಪ್ಪು ದಾರಿ, ಆದರೆ ಅವನ ನೋವಿನಿಂದಲೇ ಹೊರಟ ದಾರಿ. ತನ್ನ ನಂತರ ಇನ್ನೊಬ್ಬ ರಾಜ ಹುಟ್ಟಬಾರದೆಂದು ರಾಜನಿಗೆ ಶಕ್ತಿ ಕೊಡುವ ಮೂಲಿಕೆಯ ತೋಟ ಸುಡಿಸುತ್ತಾನೆ, ಅದೂ ಅವನದೇ ತರ್ಕ. ಪ್ರೇಯಸಿಯನ್ನು ಕಣ್ಣು ಮಿಟುಕಿಸದೆ ಕೊಲ್ಲುವುದಿದೆಯಲ್ಲ, ಅದು ಮಾತ್ರ ಹೊರಗಿನಿಂದ ತಂದು ಅಂಟಿಸಿದ್ದು. ಇಷ್ಟಾದರೂ ಚಿತ್ರ ನಿಲ್ಲುತ್ತದೆ. ಕಾರಣ, ನಾಯಕ ಟಿಚಾಲ ದರ್ಶನದಲ್ಲಿ ಕಂಡ ಸತ್ತ ತಂದೆಯ ಮುಂದೆಯೇ ನಿಂತು ನೀವೆಲ್ಲ ತಪ್ಪು ಮಾಡಿದಿರಿ ಎನ್ನುತ್ತಾನೆ. ಕಿಲ್‌ಮಂಗರ್‌ನ ತಂದೆ ಕೊಲೆಯಾದ ಓಕ್‌ಲ್ಯಾಂಡಿನ ಅದೇ ಕಟ್ಟಡ ಕೊಂಡು ಕೇಂದ್ರ ತೆರೆಯುತ್ತಾನೆ. ಸೋತವನ ಅಹವಾಲು ಗೆದ್ದವನ ಮನೆ ವ್ಯವಹಾರವನ್ನೇ ಬದಲಿಸಿತು. ನಿನ್ನ ನಾಯಕ ಕೊನೆಯ ಪುಟದಲ್ಲಿ ಏನು ಬದಲಿಸಿದ? ಸೇತುವೆಯ ಮೇಲೆ ನಿಂತು ಸೂರ್ಯಾಸ್ತ ನೋಡಿದ.

ಅಪರಾಧ ಅಹವಾಲಿಗೇ ಅಂಟಿಕೊಂಡಿರಬೇಕು ಎನ್ನುವುದಕ್ಕೆ 2017ರ 'ಸ್ಪೈಡರ್-ಮ್ಯಾನ್: ಹೋಮ್‌ಕಮಿಂಗ್'ನ ಟೂಮ್ಸ್‌ನನ್ನು ನೋಡು. ಆ ಚಿತ್ರದ ಖಳ ಅವನು. ಸೂಪರ್‌ಹೀರೋಗಳ ಕಾಳಗದ ಅವಶೇಷ ತೆರವಿನ ಗುತ್ತಿಗೆ ಹಿಡಿದು ಲಾರಿ ಕೊಂಡಿದ್ದಾನೆ, ಆಳು ಇಟ್ಟಿದ್ದಾನೆ. ಸರಕಾರವೂ ಸ್ಟಾರ್ಕ್ ಕಂಪನಿಯೂ ಸೇರಿ ಕಟ್ಟಿದ ಇಲಾಖೆ ಬಂದು ಅವನನ್ನು ಹೊರಗೆ ಕಳಿಸುತ್ತದೆ. ಅವನು ಕದ್ದಿಟ್ಟುಕೊಂಡದ್ದು ಅದೇ ಅವಶೇಷ, ಆಯುಧ ಮಾಡಿ ಮಾರಿದ್ದೂ ಅದನ್ನೇ. ಒಂದು ಕೊಂಡಿ ತೆಗೆದರೆ ಕಥೆಯೇ ಇಲ್ಲ. ಎಲ್ಲರಿಗೂ ಸಾಲುವಷ್ಟು ಉಳಿಯಲೆಂದು ಅರ್ಧ ಜೀವಿಗಳನ್ನು ಅಳಿಸಹೊರಟ ಆ ಥಾನೋಸ್‌ನ ಬಗ್ಗೆ ನೀನು ಎರಡು ಪುಟ ಬರೆದಿದ್ದೀಯ, ನಾನು ಎರಡೇ ಮಾತು ಹೇಳುತ್ತೇನೆ. 2018ರ ಭೂಮಿಯ ಜನಸಂಖ್ಯೆಯನ್ನು ಅರ್ಧ ಮಾಡಿದರೆ 1970ರ ದಶಕದ ಆರಂಭದಲ್ಲಿ ಇದ್ದಷ್ಟು ಜನ ಉಳಿಯುತ್ತಾರೆ, ಆಗೇನು ಹಸಿವು ಇರಲಿಲ್ಲವೇ? ಲೆಕ್ಕಕ್ಕೇ ನಿಲ್ಲದ ವಾದವನ್ನು ಗಂಭೀರ ದನಿಯಲ್ಲಿ ಹೇಳಿಸಿದರೆ ಅದು ಸಾಮಾಜಿಕ ಚಿಂತನೆ ಆಗುವುದಿಲ್ಲ.

ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಪಾತ್ರ ನಡೆಸುವ ತಾಳಮದ್ದಲೆಯಲ್ಲಿ ವಾಲಿವಧೆ ಕೇಳಿದ್ದೀಯಲ್ಲ? ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಅದನ್ನು ಕೇಳದೇ ಇರುವುದು ಕಷ್ಟ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಇನ್ನೊಬ್ಬನೊಡನೆ ಕಾದುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದೆ, ಇದು ಯಾವ ಧರ್ಮ? ವಾಲಿಯ ಅರ್ಥ ಹೇಳುವವರು ಗಟ್ಟಿಗರಾದರೆ ರಾಮನ ಅರ್ಥಧಾರಿಗೆ ಬೆವರು ಬರುತ್ತದೆ. ಆದರೂ ಉತ್ತರ ಕೊಡಲೇಬೇಕು. ಆ ಉತ್ತರ ಎಲ್ಲಿಂದ ಬರುತ್ತದೆ ಗಮನಿಸು. ತಮ್ಮ ಸುಗ್ರೀವ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ ಎಂಬ ಆರೋಪದಿಂದ. ಆ ತಪ್ಪು ಅಣ್ಣತಮ್ಮಂದಿರ ಜಗಳದ ಒಳಗೇ ಇದೆ. ರಾಮನಿಗೆ ಅನುಕೂಲವಾಗಲೆಂದು ವಾಲಿಯಿಂದ ದಾರಿಹೋಕ ಮಗುವನ್ನು ಯಾವ ಭಾಗವತರೂ ಕೊಲ್ಲಿಸಲಿಲ್ಲ. ಅಷ್ಟು ಹೇಳಿದ ಮೇಲೂ ವಾಲಿಯ ಪ್ರಶ್ನೆ ಪೂರ್ತಿ ಅಳಿಯುವುದಿಲ್ಲ, ಜನ ಮತ್ತೆ ಮತ್ತೆ ಬಂದು ಕೂರುವುದು ಅದಕ್ಕೇ. ಇಂಥ ಪರಂಪರೆಯ ಪಕ್ಕದಲ್ಲಿ ಬೆಳೆದವಳು ನೀನು. 61ನೇ ಪುಟ ನೋಡಿ ಸಿಟ್ಟು ಬಂದದ್ದು ಅದರಿಂದಲೇ.

ಈಗ ಕೆಲಸ. ಒಂದು ಹಾಳೆ ತೆಗೆದುಕೊಂಡು ಕಾಳಿಂಗನ ಹೆಸರಿನಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ ಬರೆ. ಅವನ ಶಕ್ತಿಯ ಮಾತು ಅದರಲ್ಲಿ ಬರಬಾರದು. ಸರ್ವೆ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ, ಎಷ್ಟು ತೆಂಗು, ಪಹಣಿಯಲ್ಲಿ ಯಾರ ಹೆಸರು, ಗುಂಟೆಗೆ ಎಷ್ಟು ಕೊಟ್ಟರು ಎಲ್ಲ ಇರಲಿ. ಅಪ್ಪನ ಕಾಲಕ್ಕೆ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. 4ನೇ ಕಲಮಿನ ಅಧಿಸೂಚನೆ ಬರುತ್ತದೆ, ಆಮೇಲೆ ಐತೀರ್ಪು, ಅಂದರೆ ಪರಿಹಾರ ಎಷ್ಟೆಂದು ಅಧಿಕಾರಿ ಕೊಡುವ ತೀರ್ಮಾನ. ಪರಿಹಾರ ಸಾಲದು ಎನ್ನುವವನು ಗಡುವಿನೊಳಗೆ 18ನೇ ಕಲಮಿನಡಿ ಅರ್ಜಿ ಕೊಟ್ಟು ಪ್ರಕರಣವನ್ನು ಕೋರ್ಟಿಗೆ ಕಳಿಸಿಕೊಳ್ಳಬೇಕು. ಆದರೆ ಹಣ ಪಡೆಯುವಾಗ ತಕರಾರು ದಾಖಲಿಸದೆ ಪಡೆದವನಿಗೆ ಆ ಹಕ್ಕಿಲ್ಲ ಎನ್ನುತ್ತದೆ 31ನೇ ಕಲಮು. ಇಲ್ಲಿ ನಿಲ್ಲು. ಓದು ಬರದ ಅಪ್ಪ, ಮೇಜಿನ ಮೇಲೆ ರಸೀದಿ, ಶಾಯಿ ಹಚ್ಚಿದ ಹೆಬ್ಬೆಟ್ಟು. "ತಕರಾರಿನ ಮೇಲೆ ಪಡೆದಿದ್ದೇನೆ" ಎಂಬ ಒಂದು ಸಾಲು ಬರೆಯಲು ಅವನಿಗೆ ಯಾರೂ ಹೇಳಲಿಲ್ಲ. ಹತ್ತು ವರ್ಷದ ಕಾಳಿಂಗ ಪಕ್ಕದಲ್ಲಿ ನಿಂತಿದ್ದಾನೆ, ಅವನಿಗೆ ಓದಲು ಬರುತ್ತದೆ. ನಿನ್ನ ಖಳನಾಯಕ ಹುಟ್ಟುವುದು ಅಲ್ಲಿ, ನೀನು ಬರೆದಿರುವ ಸಿಡಿಲಿನಲ್ಲಿ ಅಲ್ಲ. ಈ ದೃಶ್ಯ ಮೊದಲ 25 ಪುಟದೊಳಗೆ, ಅವನ ಮೊದಲ ಅಪರಾಧಕ್ಕಿಂತ ಮುಂಚೆ ಬರಬೇಕು. ಫ್ಲ್ಯಾಶ್‌ಬ್ಯಾಕಿನಲ್ಲಿ ಕೊನೆಗೆ ತಂದರೆ ಅದು ಕ್ಷಮಾಪಣೆಯಂತೆ ಕೇಳುತ್ತದೆ.

ಎರಡನೆಯದು, ಕ್ಲೈಮ್ಯಾಕ್ಸಿನಲ್ಲಿ ಅವನು ಕದ್ರಾದ ಗೇಟು ಮುರಿಯುವುದು. ಮುರಿದರೆ ಮುಳುಗುವವರು ಯಾರು? 2019ರ ಆಗಸ್ಟಿನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ನೆರೆ ನುಗ್ಗಿದ್ದು ಕಾಳಿಯ ಕೆಳದಂಡೆಯ ಊರುಗಳಿಗೆ. ಅವೆಲ್ಲ ಅವನದೇ ಜನರ ಮನೆಗಳು. 2022ರ 'ದಿ ಬ್ಯಾಟ್‌ಮನ್'ನಲ್ಲೂ ಅನಾಥಾಲಯದ ಹಣ ನುಂಗಿದವರ ಮೇಲೆ ಹೊರಟ ಖಳ ರಿಡ್ಲರ್ ಕೊನೆಗೆ ಸಮುದ್ರದ ತಡೆಗೋಡೆ ಒಡೆಯುತ್ತಾನೆ, ನೀರು ಬಡವ ಬಲ್ಲಿದ ಎನ್ನದೆ ಊರಿಡೀ ನುಗ್ಗುತ್ತದೆ. ಆದರೆ ಅವನ ಹಿಂಬಾಲಕನೊಬ್ಬ ಬ್ಯಾಟ್‌ಮನ್‌ನ ಮಾತನ್ನೇ ತಿರುಗಿಸಿ "ನಾನು ಸೇಡು" ಎಂದಾಗ ನಾಯಕನ ಮುಖ ಬದಲಾಗುತ್ತದೆ, ಅದರಿಂದ ಚಿತ್ರ ಬಚಾವಾಯಿತು. ನಿನ್ನಲ್ಲಿ ಅಂಥದ್ದೇನೂ ಇಲ್ಲ.

ನೀರನ್ನು ತಡೆದು ಹಿಡಿಯುವ ಶಕ್ತಿ ಅವನಿಗೆ ನೀನೇ ಕೊಟ್ಟಿದ್ದೀಯಲ್ಲ, ಅದನ್ನೇ ಬಳಸು. ಗೇಟು ಮುರಿಯುವುದು ಬೇಡ, ಟರ್ಬೈನಿಗೆ ನೀರು ಹೋಗದಂತೆ ಹಿಡಿಯಲಿ. ಕದ್ರಾದಲ್ಲಿರುವುದು 50 ಮೆಗಾವ್ಯಾಟಿನ ಮೂರು ಘಟಕ. ಅಷ್ಟು ನಿಂತರೆ ರಾಜ್ಯಕ್ಕೆ ತಟ್ಟುವುದಿಲ್ಲ, ಗ್ರಿಡ್ ಬೇರೆ ಕಡೆಯಿಂದ ತುಂಬಿಕೊಳ್ಳುತ್ತದೆ. ಯಾರೂ ತಿರುಗಿ ನೋಡಲಿಲ್ಲವೆಂದು ಅವನು ಅದೇ ನದಿಯ ಮೇಲ್ದಂಡೆಯ ವಿದ್ಯುದಾಗಾರಗಳಿಗೆ, ಮೊದಲು ಕೊಡಸಳ್ಳಿಗೆ, ಆಮೇಲೆ ನಾಗಝರಿಯ ಆರು ಘಟಕಗಳತ್ತ ಹೋಗುತ್ತಾನೆ. ಈಗ ಕರೆಂಟು ಹೋಗುತ್ತದೆ, ಕಚೇರಿಗಳು ಎಚ್ಚರಾಗುತ್ತವೆ. ಅದೇ ರಾತ್ರಿ ಕಾರವಾರದ ಸುಂಕೇರಿಯ ಮನೆಯೊಂದರಲ್ಲಿ ಆಮ್ಲಜನಕದ ಯಂತ್ರ ನಿಂತು ಒಬ್ಬ ಮುದುಕಿ ಸಾಯುತ್ತಾಳೆ, ಅವಳೂ ಅವನ ಮುಳುಗಿದ ಊರಿನವಳೇ. ಈ ಸಾವು ಅವನದು. ಇದನ್ನು ಅವನು ಹೊರಲೇಬೇಕು, ನಾಯಕ ಅವನನ್ನು ತಡೆಯಲೇಬೇಕು. ಹಾಗೆಂದು ಅರ್ಜಿ ಸುಳ್ಳಾಗುವುದಿಲ್ಲ. ಇಬ್ಬರೂ ಎದುರು ಬದುರು ಕೂತು ಮಾತಾಡುವ ಒಂದು ದೃಶ್ಯ ಬೇಕು, ಕನಿಷ್ಠ ಆರು ಪುಟ, ಹೊಡೆದಾಟವಿಲ್ಲದೆ. ನಿನ್ನ 112 ಪುಟದಲ್ಲಿ ಕಾಳಿಂಗನ ಅಹವಾಲಿಗೆ ಸಿಕ್ಕಿದ್ದು ಮೂರು ಪುಟ, ಹಾರಾಟಕ್ಕೆ ಸಿಕ್ಕಿದ್ದು ನಲವತ್ತು. ನನಗೆ ಬೇಸರವಾಯಿತು.

ಒಂದು ಎಚ್ಚರಿಕೆ. ತಿದ್ದಿ ಬರೆದ ಮೇಲೆ ಕೆಲವರು "ನಿಮ್ಮ ವಿಲನ್ ಹೇಳುವುದರಲ್ಲೂ ಸತ್ಯ ಇದೆ ಬಿಡಿ" ಎಂದು ಬೆನ್ನು ತಟ್ಟುತ್ತಾರೆ. ಹಿಗ್ಗಬೇಡ. ಸತ್ಯ ಇದ್ದರೆ ನಿಮ್ಮ ನಾಯಕ ಏನು ಮಾಡಿದ ಎಂದು ಅವರು ಕೇಳುವವರೆಗೆ ಕೆಲಸ ಮುಗಿದಿಲ್ಲ.

ಮೊದಲು ಆ ಒಂದು ಹಾಳೆ ಅರ್ಜಿ, ಆಮೇಲೆ ಹೆಬ್ಬೆಟ್ಟಿನ ದೃಶ್ಯ, ಎರಡನ್ನು ಮಾತ್ರ ಕಳಿಸು. ಕೈಯಲ್ಲಿ ಬರೆದದ್ದಾದರೂ ಸರಿ. ಹಾರುವ ದೃಶ್ಯ ಒಂದೂ ಕಳಿಸಬೇಡ, ಓದುವುದಿಲ್ಲ.

ನಿನ್ನ ಹಿತ ಬಯಸುವ,
ಶಿರಸಿಯ ಅಣ್ಣ