ರಕ್ತ ಕೊಟ್ಟವರಿಗೆ, ನರ ಹುಡುಕಿದವರಿಗೆ ಶರಣು

ಎಲ್ಲರಿಗೂ ಶರಣು ಶರಣಾರ್ಥಿ.

ಥಲಸ್ಸೇಮಿಯಾ ಮೇಜರ್ ಎಂಬ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇದ್ದ ನಮ್ಮ ಮಗಳು ತೀರಿಕೊಂಡಳು. ವರ್ಷಗಟ್ಟಲೆ ಹಚ್ಚಿದ ರಕ್ತದೊಳಗಿನ ಕಬ್ಬಿಣ ಹೃದಯದಲ್ಲಿ ಕೂತು, ಕೊನೆಗೆ ಬಡಿತವನ್ನೇ ಕೆಡಿಸಿತು. ಮಾತಾಡಿಸಿ ಹೋಗಲು ಶಹಾಬಾದ, ಸೇಡಂ, ಆಳಂದ ಕಡೆಯಿಂದ ಬಂದವರು, ಕಲಬುರಗಿಯ ನಮ್ಮ ಓಣಿಯವರು, ಎಲ್ಲರೂ ಒಂದೇ ಮಾತು ಆಡಿದಿರಿ: "ನಮ್ಮ ಕೈಲಿಂದ ಏನೂ ಆಗಲಿಲ್ಲರಿ." ಆಗಿದೆ. ಬಹಳ ಆಗಿದೆ. ಯಾರ ಕೈಯಿಂದ ಏನಾಯಿತು, ಆಗದಿದ್ದರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳದೆ ಬರೀ ಧನ್ಯವಾದ ಅಂದರೆ ಅದು ಬಾಯಿಮಾತಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆದಿದ್ದೇವೆ.

ಮೊದಲ ಶರಣು ರಕ್ತ ಕೊಟ್ಟವರಿಗೆ. ಈ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ನಿನ ಒಂದು ಭಾಗ ಮೈಯಲ್ಲಿ ಸರಿಯಾಗಿ ತಯಾರಾಗುವುದೇ ಇಲ್ಲ. ಹುಟ್ಟಿದ ಕೆಂಪು ಕಣಗಳು ಬಲಿಯುವ ಮೊದಲೇ ಒಡೆಯುತ್ತವೆ. ಹಾಗಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಚ್ಚಲೇಬೇಕು, ಮತ್ತು ಹಚ್ಚುವ ದಿನ ಹಿಮೋಗ್ಲೋಬಿನ್ 9 ಗ್ರಾಂಗಿಂತ ಕೆಳಗೆ ಇಳಿದಿರಬಾರದು. ತಾರೀಖು ಮುಂದೆ ಮುಂದೆ ಹೋದರೆ ಮಗು ಸುಸ್ತಾಗುವುದಷ್ಟೇ ಅಲ್ಲ, ಮೂಳೆಯೊಳಗಿನ ಮಜ್ಜೆ ಕೊರತೆ ತುಂಬಲು ಹೆಣಗಿ ಹಿಗ್ಗುತ್ತದೆ. ಹಣೆ ಮುಂದೆ ಬರುತ್ತದೆ, ಕೆನ್ನೆಯ ಮೂಳೆ ಅಗಲವಾಗುತ್ತದೆ, ಗುಲ್ಮ ಊದಿ ಹೊಟ್ಟೆ ಉಬ್ಬುತ್ತದೆ. ಮಗಳ ಫೋಟೋ ನೋಡಿದವರು "ಮುಖದಾಗ ಜಡ್ಡು ಕಾಣಂಗಿಲ್ಲ" ಅನ್ನುತ್ತಾರೆ. ಕಾಣದ ಹಾಗೆ ಮಾಡಿದವರು ತಾರೀಖು ತಪ್ಪಿಸದೆ ಬಂದ ನೀವು.

ಲೆಕ್ಕವನ್ನೂ ಹೇಳುತ್ತೇವೆ, ಏಕೆಂದರೆ ಒಂದು ಸಲ ರಕ್ತ ಕೊಟ್ಟವರಿಗೆ ತಮ್ಮ ಪಾಲು ಸಣ್ಣದು ಅನ್ನಿಸುತ್ತದೆ. ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿ ಕೆಂಪು ಕಣ ಬೇಕು. 20 ಕಿಲೋ ಮಗುವಿಗೆ 200ರಿಂದ 300 ಮಿಲಿ. ಮೂರು ವಾರಕ್ಕೊಂದು ಬ್ಯಾಗ್ ಎಂದು ಹಿಡಿದರೂ ವರ್ಷಕ್ಕೆ 17 ಬ್ಯಾಗ್. ಗಂಡಸರು 90 ದಿನಕ್ಕೊಮ್ಮೆ, ಹೆಣ್ಣುಮಕ್ಕಳು 120 ದಿನಕ್ಕೊಮ್ಮೆ ಮಾತ್ರ ಕೊಡಬಹುದು. ಅಂದರೆ ಚಿಕ್ಕ ಮಗು ಒಂದರ ಹಿಂದೆ ಕನಿಷ್ಠ ಐದು ಜನ ನಿಂತಿರಬೇಕು. ಬೆಳೆದು ಒಂದು ಸಲಕ್ಕೆ ಎರಡು ಬ್ಯಾಗ್ ಬೇಕಾದಾಗ ಒಂಬತ್ತು ಜನ. ಅವರಲ್ಲಿ ಒಬ್ಬರಿಗೆ ಕಾಮಾಲೆಯಾದರೆ, ಇನ್ನೊಬ್ಬರು ಕೆಲಸಕ್ಕೆಂದು ಪುಣೆಗೆ ಹೋದರೆ, ಆ ಜಾಗಕ್ಕೆ ಮತ್ತೊಬ್ಬರು.

ನಮ್ಮ ಕಡೆ ಬೇಸಿಗೆ ಎಂಥದ್ದು ಎಂದು ಹೇಳಬೇಕಿಲ್ಲ. ಏಪ್ರಿಲ್, ಮೇ ಬಂದರೆ ಕಾಲೇಜು ಸೂಟಿ, ಶಿಬಿರಗಳು ಬಂದ್, ರಕ್ತನಿಧಿಯ ಫ್ರಿಜ್ ಬರಿದಾಗುತ್ತದೆ. ಥಲಸ್ಸೇಮಿಯಾ ಮಕ್ಕಳಿಗೆ ರಕ್ತ ಉಚಿತವಾಗಿ ಕೊಡಬೇಕು, ಬದಲಿಗೆ ರಕ್ತ ಕೊಡಿ ಎಂದು ಮನೆಯವರನ್ನು ಕೇಳಬಾರದು ಎಂದು ನಿಯಮವಿದೆ. ಆದರೆ ನಿಯಮದಿಂದ ಫ್ರಿಜ್ ತುಂಬುವುದಿಲ್ಲ, ಜನ ಬಂದರೆ ತುಂಬುತ್ತದೆ. ಸುಡುಬಿಸಿಲಲ್ಲೂ ಉಂಡು, ಅರ್ಧ ಲೀಟರ್ ನೀರು ಕುಡಿದು ಬಂದವರು, ರಂಜಾನ್ ತಿಂಗಳಲ್ಲಿ ರೋಜಾ ಬಿಟ್ಟ ಮೇಲೆ ರಾತ್ರಿ ಬಂದು ಕೈ ಚಾಚಿದವರು, ನಿಮ್ಮ ಋಣ ದೊಡ್ಡದು. ಖಾಲಿ ಹೊಟ್ಟೆಯಲ್ಲಿ, ನೀರಿಲ್ಲದ ಮೈಯಲ್ಲಿ ಕೊಟ್ಟರೆ ಕಣ್ಣುಕತ್ತಲೆ ಬಂದು ಬೀಳುತ್ತಾರೆ. ಒಮ್ಮೆ ಬಿದ್ದವರು ಮತ್ತೆ ಬರಲು ಅಂಜುತ್ತಾರೆ. ನೀವು ಊಟ, ನೀರು, ವೇಳೆ ನೋಡಿಕೊಂಡು ಬಂದಿರಿ, ಅದಕ್ಕೇ ಮತ್ತೆ ಮತ್ತೆ ಬರಲು ಆಯಿತು.

ರಕ್ತನಿಧಿಯ ಟೆಕ್ನಿಷಿಯನ್‌ಗಳ ಮುಖ ಯಾರೂ ನೋಡಿರುವುದಿಲ್ಲ. ಎ, ಬಿ, ಓ ಗುಂಪು ಹೊಂದಿದರೆ ಸಾಕು ಎಂದು ಹೊರಗಿನವರು ತಿಳಿದಿರುತ್ತಾರೆ. ಪದೇ ಪದೇ ರಕ್ತ ಹಚ್ಚಿಸಿಕೊಳ್ಳುವ ಮಗುವಿಗೆ ಅದು ಸಾಲದು. ಕೆಂಪು ಕಣದ ಮೇಲಿರುವ ಬೇರೆ ಗುರುತುಗಳು, ಅಂದರೆ ಆರ್‌ಎಚ್‌ನ ಒಳಗಿನ ಸಿ, ಇ ಗುರುತುಗಳು, ಕೆಲ್ ಗುಂಪು ಇವೂ ಹೊಂದಬೇಕು. ಹೊಂದದ ರಕ್ತ ಹೋದರೆ ಮೈ ಅದರ ವಿರುದ್ಧ ಪ್ರತಿಕಾಯ ಮಾಡಿಟ್ಟುಕೊಳ್ಳುತ್ತದೆ. ಆಮೇಲೆ ಹಚ್ಚಿದ ರಕ್ತ ಹೆಚ್ಚು ದಿನ ಬಾಳುವುದಿಲ್ಲ, ಮೂರು ವಾರದ ಅಂತರ ಎರಡು ವಾರಕ್ಕೆ ಬರುತ್ತದೆ, ಹೊಂದುವ ಬ್ಯಾಗ್ ಸಿಗುವುದೇ ಕಷ್ಟವಾಗುತ್ತದೆ. ಈ ಗುರುತುಗಳ ಪರೀಕ್ಷೆಯನ್ನು ಮೊದಲ ರಕ್ತ ಹಚ್ಚುವ ಮುಂಚೆಯೇ ಮಾಡಿಡಬೇಕು. ಹಚ್ಚಿದ ಮೇಲೆ ಕೊಟ್ಟವರ ಕಣ ಕಲೆತು ಉತ್ತರ ಗೋಜಲಾಗುತ್ತದೆ. ಅದನ್ನು ಅಂದೇ ಮಾಡಿಟ್ಟ, ಪ್ರತಿ ಸಲ ಹಳೆಯ ಚೀಟಿ ತೆಗೆಸಿ ನೋಡಿದ, ಎರಡು ವಾರದೊಳಗಿನ ತಾಜಾ ಬ್ಯಾಗ್ ಹುಡುಕಿ ಎತ್ತಿಟ್ಟ ಕೈಗಳಿಗೆ ಶರಣು. ಬಿಳಿ ಕಣ ಸೋಸುವ ಫಿಲ್ಟರ್ ಇಲ್ಲದೆ ಬ್ಯಾಗ್ ಕಳಿಸಿದವರಲ್ಲ ನೀವು. ಆ ಬಿಳಿ ಕಣಗಳಿಂದಲೇ ನಡುವೆ ಚಳಿ ಜ್ವರ ಬರುವುದು.

ಬ್ಯಾಗ್ ತಂದುಕೊಟ್ಟ ಆಟೋ ಕಾಕಾ, ಐಸ್ ಬ್ಯಾಗಿಗೆ ತಾಗದ ಹಾಗೆ ನಡುವೆ ಬಟ್ಟೆ ಇಟ್ಟು ತರಬೇಕು ಎಂದು ಒಮ್ಮೆ ಹೇಳಿದ್ದಕ್ಕೆ ಎಂದೂ ಮರೆಯಲಿಲ್ಲ ನೀವು. ಐಸ್ ತಾಗಿ ಮಂಜುಗಟ್ಟಿದರೂ ಕಣ ಒಡೆಯುತ್ತದೆ, ಬಿಸಿ ನೀರಲ್ಲಿ ಇಟ್ಟರೂ ಒಡೆಯುತ್ತದೆ. ಫ್ರಿಜ್ಜಿನಿಂದ ತೆಗೆದ 30 ನಿಮಿಷದೊಳಗೆ ಹಚ್ಚಲು ಶುರು ಮಾಡಬೇಕು, 4 ತಾಸಿನೊಳಗೆ ಮುಗಿಸಬೇಕು. ಟ್ರಾಫಿಕ್‌ನಲ್ಲಿ ನೀವು ಉಳಿಸಿದ ಹತ್ತು ನಿಮಿಷ ಈ ಲೆಕ್ಕಕ್ಕೆ ಸೇರಿದ್ದು.

ಡೇ ಕೇರ್ ವಾರ್ಡಿನ ಸಿಸ್ಟರ್‌ಗಳಿಗೆ ಎಷ್ಟು ಹೇಳಿದರೂ ಕಡಿಮೆ. ವರ್ಷಗಟ್ಟಲೆ ಚುಚ್ಚಿದ ಕೈಯಲ್ಲಿ ನರ ಗಟ್ಟಿಯಾಗಿ ಜಾರುತ್ತದೆ. ಬೆಚ್ಚಗಿನ ಒದ್ದೆ ಬಟ್ಟೆ ಐದು ನಿಮಿಷ ಮುಂಗೈಗೆ ಸುತ್ತಿ, ಕೈ ಕೆಳಗೆ ಇಳಿಬಿಡಿಸಿ, ನರ ಏಳುವ ತನಕ ಕಾದು, ಆಮೇಲೆ 24ರ ಸಣ್ಣ ಸೂಜಿ. ಎರಡು ಸಲ ಸಿಗದಿದ್ದರೆ ಮೂರನೇ ಸಲ ತಾವೇ ಚುಚ್ಚದೆ ಇನ್ನೊಬ್ಬ ಸಿಸ್ಟರ್‌ನನ್ನು ಕರೆಯುವುದು. ಈ ಕೊನೆಯ ಪದ್ಧತಿಗೆ ನಮ್ಮ ದೊಡ್ಡ ನಮಸ್ಕಾರ. ಅದಕ್ಕೆ ಬೇಕಾದ ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ. ರಕ್ತ ಶುರುವಾದ ಮೊದಲ 15 ನಿಮಿಷ ಹನಿ ನಿಧಾನ ಇಟ್ಟು, ಹಾಸಿಗೆ ಬಿಟ್ಟು ಕದಲದೆ, ಬೆನ್ನು ನೋವೇ, ತುರಿಕೆಯೇ, ಚಳಿಯೇ ಎಂದು ಕೇಳುತ್ತಿದ್ದಿರಿ. ಜ್ವರ ಒಂದು ಡಿಗ್ರಿ ಏರಿದರೂ ತಕ್ಷಣ ನಿಲ್ಲಿಸಿ, ಬ್ಯಾಗಿನ ಮೇಲಿನ ಹೆಸರು, ನಂಬರ್ ಮತ್ತೆ ತಾಳೆ ನೋಡಿ, ಆಮೇಲೆ ಡಾಕ್ಟರ್‌ಗೆ ಫೋನ್. ತಪ್ಪು ಬ್ಯಾಗ್ ಹೋಗುವುದು ಅವಸರದಲ್ಲೇ. ನೀವು ಅವಸರ ಮಾಡಲಿಲ್ಲ.

ಒಂದು ಬ್ಯಾಗ್ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮೈ ತಾನಾಗಿ ಹೊರಹಾಕುವುದು ದಿನಕ್ಕೆ ಸುಮಾರು 1 ಮಿಲಿಗ್ರಾಂ. ಉಳಿದದ್ದು ಯಕೃತ್ತು, ಗ್ರಂಥಿಗಳು, ಹೃದಯ ಸೇರುತ್ತದೆ. ಅದನ್ನು ತೆಗೆಯಲೆಂದೇ ಹೊಟ್ಟೆಯ ಚರ್ಮದಡಿ ಸೂಜಿ ಇಟ್ಟು, ಚಿಕ್ಕ ಪಂಪಿನಿಂದ ರಾತ್ರಿ 8ರಿಂದ 12 ತಾಸು ಡೆಸ್ಫೆರಾಲ್ ಎಂಬ ಔಷಧ, ವಾರಕ್ಕೆ ಐದು ರಾತ್ರಿಗೆ ಕಡಿಮೆಯಿಲ್ಲದೆ. 500 ಮಿಲಿಗ್ರಾಂ ಪುಡಿಗೆ 5 ಮಿಲಿ ಡಿಸ್ಟಿಲ್ಡ್ ವಾಟರ್; ಇದಕ್ಕಿಂತ ಗಟ್ಟಿಯಾದರೆ ಚುಚ್ಚಿದಲ್ಲಿ ಉರಿ, ಗಂಟು. ದಿನಾ ಒಂದೇ ಜಾಗಕ್ಕೆ ಚುಚ್ಚಿದರೂ ಗಂಟು. ಇದನ್ನು ಮನೆಗೆ ಬಂದು ಕಲಿಸಿ, ಕೈ ಕೂಡುವ ತನಕ ಜೊತೆಗೆ ಕೂತ ಓಣಿಯ ಕಾಂಪೌಂಡರ್ ಅಣ್ಣನಿಗೆ ಶರಣು.

ಮುಂದೆ ಕಬ್ಬಿಣ ತೆಗೆಯುವ ಡೆಫೆರಿಪ್ರೋನ್ ಮಾತ್ರೆಯೂ ಸೇರಿತು, ದಿನಕ್ಕೆ ಮೂರು ಹೊತ್ತು. ನಡುವಿನ ಹೊತ್ತು ಶಾಲೆಯಲ್ಲಿ. ಅಲ್ಲಿ ನೀರು ಕೊಟ್ಟು ನುಂಗಿಸಿದವರು ಅಕ್ಕೋರು. ಈ ಮಾತ್ರೆಯಿಂದ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ, ಅಂಜಬೇಕಿಲ್ಲ. ಅಂಜಬೇಕಾದ್ದು ಗಂಟಲು ನೋವು, ಜ್ವರಕ್ಕೆ. ಬಿಳಿ ಕಣ ದಿಢೀರ್ ಇಳಿದಿರಬಹುದು. ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ಇದನ್ನು ಕೇಳಿಕೊಂಡು, ಕ್ಲಾಸಿನಲ್ಲಿ ಗಂಟಲು ನೋವು ಅಂದರೆ ಸಾಕು, ಸಂಜೆಗೆ ಕಾಯದೆ ಫೋನ್ ಮಾಡುತ್ತಿದ್ದರು ಅಕ್ಕೋರು. ಬೀಗರೂ ನೆಂಟರೂ "ರಕ್ತ ಕಡಿಮೆ ಐತಿ" ಎಂದು ತಂದುಕೊಟ್ಟ ಕಬ್ಬಿಣದ ಟಾನಿಕ್ಕನ್ನು ಬೇಡ ಅಂದಾಗ ಬೇಸರ ಮಾಡಿಕೊಳ್ಳಲಿಲ್ಲ. ಈ ಮಕ್ಕಳಿಗೆ ಅದು ವಿಷವೇ. ನಿಮ್ಮ ಪ್ರೀತಿಗೂ, ಆ ತಿಳುವಳಿಕೆಗೂ ಶರಣು.

ಫೆರಿಟಿನ್ ಎಂಬ ರಕ್ತ ಪರೀಕ್ಷೆ ನೋಡಿ ಹೃದಯದ ಕಬ್ಬಿಣ ಅಳೆಯಲಾಗದು, ಟಿ-2 ಸ್ಟಾರ್ ಎಂಬ ಎಂಆರ್‌ಐ ಸ್ಕ್ಯಾನ್ ಬೇಕು, ಅದರ ಅಂಕಿ 20 ಮಿಲಿಸೆಕೆಂಡ್‌ಗಿಂತ ಕೆಳಗಿದ್ದರೆ ಕಬ್ಬಿಣ ಕೂತಿದೆ, 10ಕ್ಕಿಂತ ಕೆಳಗೆ ಅಪಾಯ ಎಂದು ಮುಚ್ಚುಮರೆಯಿಲ್ಲದೆ ಹೇಳಿದ ಡಾಕ್ಟರರಿಗೆ ನಮಸ್ಕಾರ. ದೂರದೂರಿನ ತಪಾಸಣೆಗೆ ರೈಲಿನ ಸ್ಲೀಪರ್‌ನಲ್ಲಿ ಮಗುವಿಗೂ ಜೊತೆಗೊಬ್ಬರಿಗೂ ಶೇ 75 ರಿಯಾಯಿತಿ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯೂ ಸೇರಿದೆ ಎಂದು ಫಾರ್ಮ್ ಹಿಡಿದು ತೋರಿಸಿದವರಿಗೂ.

ನಮ್ಮ ಬಳಗದ ಹುಡುಗ ಹುಡುಗಿಯರಿಗೆ ಇನ್ನೊಂದು ಬೇರೆಯೇ ಶರಣು. ಅಕ್ಕನ ಮಗಳು, ಅತ್ತೆಯ ಮಗ ಎಂದು ಒಳಗೊಳಗೇ ಮದುವೆಯಾಗುವ ನಮ್ಮ ಕಡೆ, ಲಗ್ನಕ್ಕೆ ಮುಂಚೆ ಎಚ್‌ಬಿಎ2 ಎಂಬ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು ಚೀಟಿ ಹಿರಿಯರ ಮುಂದಿಟ್ಟಿರಿ. ಅದು ಶೇ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕರು, ಅಂದರೆ ಕಾಯಿಲೆಯ ಗುಣವನ್ನು ಮಕ್ಕಳಿಗೆ ದಾಟಿಸಬಲ್ಲವರು. ವಾಹಕರಿಗೆ ಜಡ್ಡಿಲ್ಲ, ಔಷಧ ಬೇಕಿಲ್ಲ. ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಮೇಜರ್ ಆಗುವ ಸಂಭವ. ಮೈಯಲ್ಲಿ ಕಬ್ಬಿಣದ ಕೊರತೆ ಇದ್ದರೆ ಈ ಅಂಕಿ ಕಡಿಮೆ ತೋರಿಸಬಹುದು, ಅದನ್ನು ಸರಿಪಡಿಸಿಕೊಂಡು ಮತ್ತೆ ಮಾಡಿಸಿ. ಮದುವೆ ಆಗಿಹೋದವರು ಬಸಿರಾದ ಕೂಡಲೇ ಡಾಕ್ಟರಿಗೆ ತಿಳಿಸಿ. 11ನೇ ವಾರದಿಂದಲೇ ಗರ್ಭದ ಪರೀಕ್ಷೆ ಮಾಡಲು ಬರುತ್ತದೆ.

ಪಂಪನ್ನು ಡೇ ಕೇರ್‌ಗೆ ಕೊಟ್ಟಿದ್ದೇವೆ. ಒಡೆಯದ ಮಾತ್ರೆ ಪಟ್ಟಿಗಳನ್ನೂ ಅಲ್ಲಿನ ಔಷಧ ವಿಭಾಗಕ್ಕೇ ಒಪ್ಪಿಸಿದ್ದೇವೆ. ಅವರು ತಾರೀಖು ನೋಡಿ ತೀರ್ಮಾನಿಸುತ್ತಾರೆ. ರಕ್ತ ಕೊಡುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ರಕ್ತನಿಧಿಯ ಪುಸ್ತಕದಲ್ಲಿ ನಿಮ್ಮ ಹೆಸರು, ಗುಂಪು, ಮುಂದಿನ ತಾರೀಖು ಇದ್ದ ಹಾಗೇ ಇವೆ. ಸರದಿ ಬಂದಾಗ ಹೋಗಿ, ಡೇ ಕೇರ್ ಮಕ್ಕಳಿಗೆ ಎಂದು ಬರೆಸಿ. ಊಟ ಮಾಡಿಕೊಂಡು ಹೋಗಿರಿ.