ಬೇಗ ಹುಟ್ಟಿದ ಕೂಸನ್ನು ಮನೆಗೆ ಒಯ್ಯುವ ಮುನ್ನ

ಮಾನ್ಯ ಸಂಪಾದಕರೇ,

ದಿನ ತುಂಬುವ ಮೊದಲೇ ಹುಟ್ಟಿ, ರಾಯಚೂರಿನ ಆಸ್ಪತ್ರೆಗಳ ನವಜಾತ ಶಿಶು ನಿಗಾ ಘಟಕಗಳಲ್ಲಿ ವಾರಗಟ್ಟಲೆ ಇದ್ದು ಚೇತರಿಸಿಕೊಂಡ ಕೂಸುಗಳನ್ನು ಸಿಂಧನೂರು, ಲಿಂಗಸುಗೂರು, ದೇವದುರ್ಗದ ಕಡೆಯ ಊರುಗಳಿಗೆ ಒಯ್ಯುವ ಬಗೆಯನ್ನು ಕುರಿತು ಈ ಪತ್ರ ಬರೆಯುತ್ತಿದ್ದೇನೆ. ಘಟಕದೊಳಗಿರುವಷ್ಟು ದಿನ ಕೂಸಿನ ಉಸಿರು, ಎದೆಬಡಿತ, ರಕ್ತದಲ್ಲಿನ ಆಮ್ಲಜನಕವನ್ನು ಯಂತ್ರ ಅಳೆಯುತ್ತಲೇ ಇರುತ್ತದೆ. ಡಿಸ್ಚಾರ್ಜ್ ಆದ ಮರುಗಳಿಗೆಯೇ ಅದೇ ಕೂಸು ಕುಲಾಯಿ, ಕೌದಿಗಳಲ್ಲಿ ಮುಖವೂ ಕಾಣದಂತೆ ಸುತ್ತಿಸಿಕೊಂಡು ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಯಾರದೋ ತೊಡೆಯ ಮೇಲೆ ಪ್ರಯಾಣ ಮಾಡುತ್ತದೆ. ನಮ್ಮ ಮೊಮ್ಮಗಳ ಡಿಸ್ಚಾರ್ಜ್ ಚೀಟಿಯಲ್ಲಿ ತೂಕ, ಹನಿ ಔಷಧಿ, ಮತ್ತೆ ತೋರಿಸಬೇಕಾದ ದಿನ ಎಲ್ಲವೂ ಇದ್ದವು. ದಾರಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಗಾಡಿ ಗಕ್ಕನೆ ನಿಂತರೆ ಎಷ್ಟೇ ಬಿಗಿಯಾಗಿ ಅಪ್ಪಿಕೊಂಡಿದ್ದರೂ ಕೂಸು ಕೈಯಲ್ಲಿ ನಿಲ್ಲುವುದಿಲ್ಲ ಎಂಬುದು ಒಂದು ಅಪಾಯ. ಇನ್ನೊಂದು ಅಪಾಯ ಕಣ್ಣಿಗೆ ಬೀಳದಂಥದ್ದು. ಇಂಥ ಕೂಸುಗಳ ಕುತ್ತಿಗೆಯಲ್ಲಿ ಬಲವಿರುವುದಿಲ್ಲ; ಅರೆಕುಳಿತ ಭಂಗಿಯಲ್ಲಿ ಗದ್ದ ಎದೆಗೆ ತಗುಲಿ ಉಸಿರಿನ ದಾರಿ ಇಕ್ಕಟ್ಟಾದರೆ ಅವು ಅಳುವುದಿಲ್ಲ, ಸುಮ್ಮನಾಗುತ್ತವೆ, ನಾವು ನಿದ್ದೆ ಹತ್ತಿತೆಂದು ತಿಳಿಯುತ್ತೇವೆ. ಆದ್ದರಿಂದ ಸಾವಿರಾರು ರೂಪಾಯಿ ಕೊಟ್ಟು, ಗಾಡಿಯಲ್ಲಿ ಕೂಸನ್ನು ಅರೆಕುಳಿತಂತೆ ಪಟ್ಟಿ ಬಿಗಿದು ಕೂರಿಸುವ ಶಿಶು ಸೀಟು ತಂದ ಮಾತ್ರಕ್ಕೆ ಕೆಲಸ ಮುಗಿಯದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 37 ವಾರ ತುಂಬುವ ಮೊದಲು ಹುಟ್ಟಿದವರನ್ನು ಮನೆಗೆ ಕಳಿಸುವ ಮುನ್ನ ಅದೇ ಸೀಟಿನಲ್ಲಿ 90ರಿಂದ 120 ನಿಮಿಷ, ಪ್ರಯಾಣ ಅದಕ್ಕಿಂತ ದೀರ್ಘವಾಗಿದ್ದರೆ ಅಷ್ಟೂ ಹೊತ್ತು, ಕೂರಿಸಿ ಉಸಿರು ಮತ್ತು ಆಮ್ಲಜನಕ ಗಮನಿಸಲು ಸೂಚಿಸಿದೆ. ಎಲ್ಲರಿಗೂ ಈ ಪರೀಕ್ಷೆ ಮಾಡಲು ಸಾಕಷ್ಟು ಪುರಾವೆಯಿಲ್ಲವೆಂದು ಕೆನಡಾದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಹೇಳಿದ್ದೂ ಉಂಟು. ಆದರೂ ಸಿಂಧನೂರಿನಷ್ಟು ದೂರ ಹೋಗಬೇಕಾದವರಿಗೆ, ಯಂತ್ರ ಪಕ್ಕದಲ್ಲೇ ಇರುವಾಗ, ಎರಡು ತಾಸು ನೋಡಿ ಕಳಿಸುವುದರಲ್ಲಿ ನಷ್ಟವೇನೂ ನನಗೆ ಕಾಣುವುದಿಲ್ಲ. ಪರೀಕ್ಷೆಯಲ್ಲಿ ಉಸಿರು ತಡವರಿಸಿದ ಕೂಸನ್ನು ಇನ್ನೆರಡು ದಿನ ಇಟ್ಟುಕೊಳ್ಳಬಹುದು, ಇಲ್ಲವೇ ಮಲಗಿಸಿ ಒಯ್ಯುವ ವ್ಯವಸ್ಥೆ ಮಾಡಬಹುದು.

ಸೀಟು ಹಿಂಬದಿಯಲ್ಲಿ, ಕೂಸಿನ ಮುಖ ಗಾಡಿಯ ಹಿಂದಕ್ಕೆ ಇರುವಂತೆ, ಸುಮಾರು 45 ಡಿಗ್ರಿ ಒರಗಿರಬೇಕು. ಎಷ್ಟು ಕಡಿಮೆ ತೂಕದ ಕೂಸಿಗೆ ಅದು ತಕ್ಕುದೆಂಬುದನ್ನು ಕೊಳ್ಳುವಾಗಲೇ ಓದಿಕೊಳ್ಳಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬಾರದು. ತಲೆ ವಾಲದಂತೆ ಎರಡು ಪಕ್ಕಕ್ಕೂ ಸುರುಳಿ ಸುತ್ತಿದ ಬಟ್ಟೆ ಇಡಬಹುದು, ಬೆನ್ನ ಹಿಂದೆ ಅಥವಾ ಕೆಳಗೆ ಏನನ್ನೂ ತುರುಕಬಾರದು. ಹೊದಿಕೆ ಏನಿದ್ದರೂ ಪಟ್ಟಿ ಬಿಗಿದ ಮೇಲೆ ಹೊದಿಸಬೇಕು. ಒಬ್ಬ ದೊಡ್ಡವರು ಪಕ್ಕದಲ್ಲೇ ಕುಳಿತು ಮೂಗು, ತುಟಿಯ ಬಣ್ಣ ನೋಡುತ್ತಿರಬೇಕು. (ನಮ್ಮಲ್ಲಿ ಈ ಜಾಗ ಸಾಮಾನ್ಯವಾಗಿ ಸಾಮಾನಿನ ಚೀಲಕ್ಕೆ ಮೀಸಲು.) ಮನೆ ಮುಟ್ಟಿದ ಕೂಡಲೇ ಕೂಸನ್ನು ಸೀಟಿನಿಂದ ತೆಗೆದು ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆಯಿಲ್ಲದೆ ಒಯ್ದರೆ 1000 ರೂಪಾಯಿ ದಂಡ ವಿಧಿಸುತ್ತದೆ. ಕೂಲಿ ಮಾಡುವ ಕುಟುಂಬದ ಮೇಲೆ ದಂಡ ಹೇರುವುದರಿಂದ ಸೀಟು ಬಂದೀತೇ? ಸರ್ಕಾರಿ ಆಸ್ಪತ್ರೆಯಿಂದ ಬಾಣಂತಿ ಮತ್ತು ಕೂಸನ್ನು ಉಚಿತವಾಗಿ ಮನೆಗೆ ಬಿಡುವ ‘ನಗು-ಮಗು’ ವಾಹನಗಳಲ್ಲಿ ತಲಾ ಒಂದು ಶಿಶು ಸೀಟು ಅಳವಡಿಸಿ, ಬೇರೆ ಗಾಡಿಯಲ್ಲಿ ಹೋಗುವವರಿಗೆ ಠೇವಣಿಯ ಮೇಲೆ ಕೊಡಲು ಆಸ್ಪತ್ರೆಯಲ್ಲೇ ಕೆಲವನ್ನು ಇಟ್ಟು, ಪಟ್ಟಿ ಬಿಗಿಯುವ ಕ್ರಮವನ್ನು ಚಾಲಕರಿಗೂ ದಾದಿಯರಿಗೂ ಕಲಿಸುವಂತೆ ಜಿಲ್ಲಾ ಆರೋಗ್ಯ ಇಲಾಖೆಯನ್ನು ಒತ್ತಾಯಿಸುತ್ತೇನೆ. ಡಿಸ್ಚಾರ್ಜ್ ಚೀಟಿಯಲ್ಲಿ ಪ್ರಯಾಣದ ಸೂಚನೆಗಳನ್ನು ಕನ್ನಡದಲ್ಲಿ ಅಚ್ಚು ಮಾಡುವುದಕ್ಕಂತೂ ಹಣದ ಮಂಜೂರಾತಿಗೆ ಕಾಯಬೇಕಿಲ್ಲ.

– ಓದುಗ, ಸಿಂಧನೂರು