ನಕ್ಷೆಯಲ್ಲಿರುವ ಕಾಲುದಾರಿಗೆ ಒಂದು ಡಬ್ಬಿ ಬಣ್ಣ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಪ್ರವಾಸದ ಪುಟವನ್ನು ತಪ್ಪದೆ ಓದುವವನು ನಾನು. ಅದರಲ್ಲಿ ಫ್ರಾನ್ಸ್ ಅಂದರೆ ಐಫೆಲ್ ಟವರ್. ಹಾಸನ ಜಿಲ್ಲೆ ಅಂದರೆ ಬೇಲೂರು, ಹಳೇಬೀಡು ದೇವಸ್ಥಾನದ ಮುಂದೆ ನಿಂತ ಫೋಟೊ. ಎರಡರ ಬಗ್ಗೆಯೂ ನನ್ನದೊಂದು ತಕರಾರಿದೆ: ನಡೆದು ನೋಡುವ ದಾರಿಗಳ ಮಾತೇ ಇಲ್ಲ. ನಮ್ಮ ಹಳ್ಳಿ ನಕ್ಷೆಯಲ್ಲಿರುವ ಕಾಲುದಾರಿಗಳಿಗೆ ಬಣ್ಣದ ಗುರುತು ಹಾಕಿ ನಡೆಯುವವರಿಗೆ ಬಿಡಿ ಅಂತ ಕೇಳಲು ಈ ಪತ್ರ. ನಾನು ನಿವೃತ್ತ ಸರ್ವೆಯರ್. ಈ ಜಿಲ್ಲೆಯ ಎಷ್ಟೋ ಊರುಗಳ ಹೊಲಗಳಲ್ಲಿ ಅಳತೆಯ 33 ಅಡಿ ಚೈನು ಎಳೆದಿದ್ದೇನೆ. ಹಾಗಾಗಿ ಎಲ್ಲಿಗೆ ಹೋದರೂ ಕಣ್ಣು ಮೊದಲು ಬೀಳುವುದು ದಾರಿಯ ಮೇಲೆ, ಗಡಿಕಲ್ಲಿನ ಮೇಲೆ. ಗೋಪುರ ಆಮೇಲೆ.

ನಮ್ಮ ಮಗಳು, ಅಳಿಯ ಇರುವುದು ದಕ್ಷಿಣ ಫ್ರಾನ್ಸಿನ ಟೂಲೂಸ್‌ನಲ್ಲಿ, ಏರ್‌ಬಸ್ ವಿಮಾನ ತಯಾರಾಗುವ ಊರು. ಕಳೆದ ಬೇಸಿಗೆಯಲ್ಲಿ ನಾನು, ನಮ್ಮ ಮನೆಯವರು ಹೋಗಿದ್ದೆವು. "ಅಪ್ಪ, ನಿಮಗೆ ಪ್ಯಾರಿಸ್ ಬೇಡ, ನಡೆಯೋಕೆ ಜಾಗ ಇದ್ರೆ ಸಾಕು" ಅಂತ ಮಗಳು ಉತ್ತರಕ್ಕೆ ಕಾಬ್ರೆರೆ ಎಂಬ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಳು. ಸೆಲೆ ಎಂಬ ಸಣ್ಣ ಹೊಳೆಯ ದಡ. ಹಿಂದೆ ಸುಣ್ಣಕಲ್ಲಿನ ಕಡಿದಾದ ಬಂಡೆ, ಬಂಡೆಯ ಬುಡಕ್ಕೇ ಒತ್ತಿ ಕಟ್ಟಿದ ಮನೆಗಳು. ಜನ ಕೆಲವು ನೂರು ಅಷ್ಟೆ. ಮಧ್ಯಾಹ್ನ ಹನ್ನೆರಡು ಹೊಡೆಯಿತು ಅಂದರೆ ಅಂಗಡಿ ಬಾಗಿಲು ಬಂದ್, ಎರಡು ಗಂಟೆಯವರೆಗೆ ಯಾರೂ ಸಿಗುವುದಿಲ್ಲ. ಬಸ್ಸು ಅಪರೂಪ. ಹೋಟೆಲಿನಲ್ಲಿ ಏನು ಕೇಳಿದರೂ ಬಾತುಕೋಳಿ. ನಮ್ಮ ಮನೆಯವರು ಊರಿಂದ ತಂದ ಹುಳಿಪುಡಿಯಲ್ಲೇ ದಿನ ತಳ್ಳಿದರು.

ಇಂಥ ಊರಲ್ಲಿ ನೋಡುವುದೇನು? ಮೊದಲನೆಯದು ಊರ ಮೇಲಿನ ಗುಡ್ಡದಲ್ಲಿರುವ ಪೆಶ್ ಮೆರ್ಲ್ ಗುಹೆ. 1922ರಲ್ಲಿ ಊರಿನ ಹುಡುಗರು ನುಸುಳಿಕೊಂಡು ಹೋಗಿ ಕಂಡುಹಿಡಿದದ್ದು. ಒಳಗೆ ಗೋಡೆ ಮೇಲೆ ಚುಕ್ಕೆ ಚುಕ್ಕೆಯ ಎರಡು ಕುದುರೆಗಳಿವೆ. ಸುಮಾರು 29 ಸಾವಿರ ವರ್ಷದ ಹಿಂದಿನವು. ಕುದುರೆ ಸುತ್ತ ಅಂಗೈ ಅಚ್ಚುಗಳು. ಕೈಯನ್ನು ಬಂಡೆಗೆ ಒತ್ತಿ ಸುತ್ತಲೂ ಬಣ್ಣ ಊದಿ ಮಾಡಿದ್ದು. ಹಿಂದೆ ಯಾರೋ ಮಣ್ಣಲ್ಲಿ ಬಿಟ್ಟು ಹೋದ ಹೆಜ್ಜೆ ಗುರುತೂ ಹಾಗೇ ಉಳಿದಿದೆ. ದಿನಕ್ಕೆ 700 ಜನರಿಗಿಂತ ಹೆಚ್ಚು ಬಿಡುವುದಿಲ್ಲ. ಉಸಿರಿನ ತೇವಕ್ಕೂ ಬಿಸಿಗೂ ಚಿತ್ರ ಹಾಳಾಗುತ್ತದಂತೆ. ಅದೇ ದೇಶದ ಲಾಸ್ಕೋ ಗುಹೆಯನ್ನು ಇದೇ ಕಾರಣಕ್ಕೆ 1963ರಲ್ಲಿ ಮುಚ್ಚಿದರು. ಈಗ ಅಲ್ಲಿಗೆ ಹೋದವರು ನೋಡುವುದು ನಕಲು ಗುಹೆಯನ್ನು.

ಆದರೆ ನಾನು ಬರೆಯಲು ಕೂತದ್ದು ಗುಹೆಗೋಸ್ಕರ ಅಲ್ಲ, ಆ ಊರಿನ ಕಾಲುದಾರಿಗೋಸ್ಕರ.

ಕಾಬ್ರೆರೆಯಿಂದ ಯಾರನ್ನೂ ಕೇಳದೆ, ಫೋನ್ ತೆಗೆಯದೆ, ಭಾಷೆ ಬಾರದ ನಾನು ಒಬ್ಬನೇ ಬೆಳಿಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ವಾಪಸ್ ಬರುತ್ತಿದ್ದೆ. ದಾರಿಯುದ್ದಕ್ಕೂ ಮರಕ್ಕೆ, ಕಲ್ಲಿಗೆ, ಕರೆಂಟ್ ಕಂಬಕ್ಕೆ ಬಣ್ಣದ ಗುರುತು. ಹಳದಿ ಪಟ್ಟಿ ಇದ್ದರೆ ಊರ ಸುತ್ತಿನ ಸಣ್ಣ ನಡಿಗೆ. ಮೇಲೆ ಬಿಳಿ, ಕೆಳಗೆ ಕೆಂಪು ಇದ್ದರೆ ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಉದ್ದದ ದಾರಿ. ತಿರುವು ಬರುವ ಮೊದಲು ಬಾಗಿದ ಗುರುತು. ತಪ್ಪು ಕಡೆ ಹೊರಟರೆ ಎರಡೇ ಹೆಜ್ಜೆಗೆ ಅಡ್ಡ ಗೀಟಿನ ಗುಣಿಸು ಚಿಹ್ನೆ. ದನದ ಬೇಲಿ ಅಡ್ಡ ಬಂದರೆ ಅದಕ್ಕೊಂದು ಗೇಟು. ತೆಗೆದು ದಾಟಿ, ಮತ್ತೆ ಹಾಕಬೇಕು. ಹೊಲದ ಯಜಮಾನ ಟ್ರ್ಯಾಕ್ಟರ್ ಮೇಲಿಂದ ಕೈ ಎತ್ತಿ "ಬೊಂಜೂರ್" ಅನ್ನುತ್ತಾನೆ. "ನೀನ್ಯಾರು, ನನ್ನ ಜಮೀನಲ್ಲಿ ಏನು ಕೆಲಸ" ಅಂತ ಕೇಳುವುದಿಲ್ಲ.

ಒಂದು ದಿನ ಬೂಜಿಯೆಸ್ ಎಂಬಲ್ಲಿಂದ ಲಾಟ್ ನದಿಯ ದಂಡೆ ಹಿಡಿದು ಸಾನ್ ಸಿರ್ ಲಾಪೊಪಿಗೆ ನಡೆದೆವು. ನಡುವೆ ಒಂದಷ್ಟು ದೂರ ದಾರಿಯನ್ನು ಬಂಡೆಯಲ್ಲೇ ಕೊರೆದಿದ್ದಾರೆ. ತಲೆ ಮೇಲೆ ಕಲ್ಲು, ಪಕ್ಕದಲ್ಲಿ ನೀರು. 19ನೇ ಶತಮಾನದಲ್ಲಿ ಸರಕಿನ ದೋಣಿಗಳನ್ನು ದಡದಿಂದ ಹಗ್ಗ ಕಟ್ಟಿ ಎಳೆದುಕೊಂಡು ಹೋಗಲು ಮಾಡಿದ ದಾರಿ ಅದು. ದೋಣಿ ಹೋಯಿತು, ದಾರಿಯನ್ನು ಬಿಡಲಿಲ್ಲ. ಸಾನ್ ಸಿರ್ ಊರನ್ನು 2012ರಲ್ಲಿ ಟಿವಿ ವೀಕ್ಷಕರು ದೇಶದ ಮೆಚ್ಚಿನ ಹಳ್ಳಿ ಅಂತ ಆರಿಸಿದ್ದರು. ಆದ್ದರಿಂದ ಅಲ್ಲಿ ಗದ್ದಲ ಜಾಸ್ತಿ. ಕಾರನ್ನು ಊರಾಚೆ ದುಡ್ಡು ಕೊಟ್ಟು ನಿಲ್ಲಿಸಿ ನಡೆದೇ ಒಳಗೆ ಬರಬೇಕು. ನಡೆದು ಬಂದ ನಮಗೆ ಆ ತಾಪತ್ರಯ ಇರಲಿಲ್ಲ.

ಆ ದಾರಿಯಲ್ಲೇ ಒಬ್ಬ ವಯಸ್ಸಾದವರು ಸಿಕ್ಕಿದರು. ಹೆಗಲಿಗೆ ಚೀಲ, ಕೈಯಲ್ಲಿ ತಂತಿ ಬ್ರಷ್. ಕಲ್ಲಿನ ಮೇಲಿನ ಪಾಚಿ ಉಜ್ಜಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಮೊದಲು ಬಿಳಿ ಪಟ್ಟಿ ಎಳೆದರು. ಅದು ಒಣಗುವ ತನಕ ಮಗಳ ಜೊತೆ ಮಾತು. ಆಮೇಲೆ ಕೆಂಪು. ಬಣ್ಣ ಒಂದಕ್ಕೊಂದು ತಾಗದ ಹಾಗೆ ಬೆರಳಗಲ ಜಾಗ ಬಿಟ್ಟರು. ಅವರು ಅಂಚೆ ಇಲಾಖೆಯಿಂದ ನಿವೃತ್ತರಾದವರಂತೆ. ಸಂಬಳ ಇಲ್ಲ, ವರ್ಷಕ್ಕೊಮ್ಮೆ ತಮ್ಮ ಪಾಲಿನ ದಾರಿ ನಡೆದು ಗುರುತು ಸರಿಮಾಡುತ್ತಾರೆ. ಆ ದೇಶದಲ್ಲಿ ಇಂಥ ದಾರಿ ಶುರುವಾದದ್ದು 1947ರಲ್ಲಿ, ಲ್ವಾರ್ ನದಿಯ ದಡದಲ್ಲಿ. ಈಗ ಗುರುತು ಹಾಕಿದ ದಾರಿ 1,80,000 ಕಿಲೋಮೀಟರ್‌ಗೂ ಜಾಸ್ತಿ ಇದೆ. ಬಹುಪಾಲು ಹೀಗೆ ಊರಿನವರೇ ನೋಡಿಕೊಳ್ಳುವುದು. ಹಿಂದೆ ಕಾನೂನಿನ ಬಲವೂ ಇದೆ. ನಡೆಯುವ ದಾರಿಗಳ ಪಟ್ಟಿ ಮಾಡುವ ಹೊಣೆಯನ್ನು 1983ರಲ್ಲಿ ಅಲ್ಲಿನ ಜಿಲ್ಲಾ ಆಡಳಿತಗಳಿಗೆ ಕೊಟ್ಟರು. ಪಟ್ಟಿಯಲ್ಲಿರುವ ಹಳ್ಳಿದಾರಿಯನ್ನು ಮಾರುವ ಹಾಗಿದ್ದರೆ ಬದಲಿ ದಾರಿ ಕೊಡಲೇಬೇಕು.

ನಮ್ಮಲ್ಲಿ ಏನು ಕಡಿಮೆ ಇದೆ ಹೇಳಿ. ಹಳ್ಳಿ ನಕ್ಷೆ ತೆಗೆದು ನೋಡಿ. ಜೋಡಿ ಚುಕ್ಕೆ ಗೆರೆ ಬಂಡಿದಾರಿ, ಒಂಟಿ ಚುಕ್ಕೆ ಗೆರೆ ಕಾಲುದಾರಿ. ನಕಾಶೆ ಕಂಡ ದಾರಿ ಅಂತ ನಾವು ಕರೆಯುವುದು ಇದನ್ನೇ. ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸಾಗುವಳಿಯಲ್ಲದ ಜಾಗ, ಅಂತ ಬಂದಿದ್ದರೆ ಅದು ಸಾರ್ವಜನಿಕರದ್ದು. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನಲ್ಲಿ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ ಎಲ್ಲ ಸರ್ಕಾರದ ಸ್ವತ್ತು ಅಂತ ಸ್ಪಷ್ಟವಾಗಿದೆ. ನಕ್ಷೆಗಳು ಈಗ ಆನ್‌ಲೈನ್‌ನಲ್ಲೇ ಸಿಗುತ್ತವೆ. ದಿಶಾಂಕ್ ಆಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಸ್ಥಳಕ್ಕೆ ಹೋದರೆ ಮಾತ್ರ ಬೇರೆ ಕಥೆ. ಅರ್ಧ ದಾರಿ ಶುಂಠಿ ಪಟ್ಟೆಯೊಳಗೆ, ಇನ್ನರ್ಧ ಲಾಂಟಾನದೊಳಗೆ, ಕೊನೆಗೆ ತಂತಿಬೇಲಿ. ನಮ್ಮೂರಿನ ಒಂದು ಬಂಡಿದಾರಿ ಬಿಡಿಸಿಕೊಡಿ ಅಂತ ನಾನೇ ಕಚೇರಿಯೊಂದಕ್ಕೆ ಅರ್ಜಿ ಹಾಕಿದ್ದೆ. "ಸಾರ್, ನಿಮಗೇ ಗೊತ್ತಲ್ವಾ" ಅಂದರು. ಗೊತ್ತು, ಅದಕ್ಕೇ ಅರ್ಜಿ ಹಾಕಿದ್ದು.

ಎಲ್ಲ ಕಡೆ ಮಾಡಿ ಅನ್ನುತ್ತಿಲ್ಲ. ಸಕಲೇಶಪುರ, ಆಲೂರು ಕಡೆ ಆನೆ ಕಾಟ. ಅಲ್ಲಿ ತೋಟದ ಕೆಲಸಕ್ಕೆ ಹೋಗುವವರೇ ಜೀವ ಕೈಯಲ್ಲಿ ಹಿಡಿದು ಹೋಗುತ್ತಾರೆ, ಪ್ರವಾಸಿಗರನ್ನು ಸುಮ್ನೆ ಬಿಡುವುದು ಬೇಡ. (ಸಕಲೇಶಪುರದ ಮಂಜರಾಬಾದ್ ಕೋಟೆಯವರೆಗೆ ಹೋಗಿ ಬರುವುದಾದರೆ ಸರಿ. 1792ರಲ್ಲಿ ಟಿಪ್ಪು ಕಟ್ಟಿಸಿದ ಆ ನಕ್ಷತ್ರದ ಆಕಾರ ಫ್ರೆಂಚ್ ಎಂಜಿನಿಯರ್ ವೋಬಾನ್‌ನ ಶೈಲಿಯದು ಅನ್ನುತ್ತಾರೆ. ಅಂದರೆ ಫ್ರಾನ್ಸ್ ನಮ್ಮ ಜಿಲ್ಲೆಗೆ ಮೊದಲೇ ಬಂದು ಹೋಗಿದೆ.) ನಾನು ಹೇಳುತ್ತಿರುವುದು ಹಳೇಬೀಡು ಸುತ್ತಿನ ಬಯಲುಸೀಮೆ ಭಾಗ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವು. ಸಂತೋಷ. ಆದರೆ ಹಳೇಬೀಡಿಗೆ ಬಂದ ಟಿಟಿ ಗಾಡಿಯವರು ಹೊಯ್ಸಳೇಶ್ವರನನ್ನು ನೋಡಿ, ಎಳನೀರು ಕುಡಿದು, ಬೇಲೂರಿಗೆ ಹೊರಟುಬಿಡುತ್ತಾರೆ. ನಡೆದು ಹೋಗುವಷ್ಟು ಹತ್ತಿರದ ಬಸದಿಹಳ್ಳಿಗೆ ಹೋಗುವವರು ಕಡಿಮೆ. ಅಲ್ಲಿ ಪಾರ್ಶ್ವನಾಥ ಬಸದಿಯ ಕಂಬಗಳ ನುಣುಪು ನೋಡಬೇಕು, ಹತ್ತಿರ ನಿಂತರೆ ನಿಮ್ಮ ಮುಖ ಕಾಣುತ್ತದೆ. ಅಲ್ಲಿಂದ ಕೇದಾರೇಶ್ವರ. ಹಾಗೇ ಹೊಲಗಳ ನಡುವೆ ಹುಲಿಕೆರೆಗೆ ನಡೆದರೆ ಪುಟ್ಟ ಪುಟ್ಟ ಗುಡಿಗಳಿರುವ ಹೊಯ್ಸಳರ ಕಾಲದ ಕಲ್ಯಾಣಿ. ಮೆಟ್ಟಿಲಿಳಿದು ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಪುಷ್ಪಗಿರಿ ಬೆಟ್ಟವೂ ದೂರವಿಲ್ಲ. ವಾಪಸ್ ಬರುವಾಗ ದ್ವಾರಸಮುದ್ರ ಕೆರೆ ಏರಿ ಮೇಲೆ ಬಂದರಾಯಿತು. ಇನ್ನೂ ನಡೆಯುವ ಶಕ್ತಿ ಇದ್ದವರಿಗೆ ಜಿಲ್ಲೆಯ ಗಡಿ ದಾಟಿದರೆ ಬೆಳವಾಡಿಯ ವೀರನಾರಾಯಣ. ರಾಗಿ ಹೊಲ, ಜೋಳದ ಹೊಲ, ತೆಂಗಿನ ತೋಟ, ನಡುವೆ ಹೊಯ್ಸಳರ ಗುಡಿ. ಇದಕ್ಕಿಂತ ಇನ್ನೇನು ಬೇಕು?

ಇನ್ನೊಂದು ಕಾರಣವೂ ಇದೆ. ಪಕ್ಕದ ಚಿಕ್ಕಮಗಳೂರಿನಲ್ಲಿ ಶನಿವಾರ, ಭಾನುವಾರ ಎಲ್ಲರೂ ಮುಳ್ಳಯ್ಯನಗಿರಿಗೇ ನುಗ್ಗಿ, ಈಗ ಗಾಡಿಗಳಿಗೆ ಮೊದಲೇ ಆನ್‌ಲೈನ್ ನೋಂದಣಿ ಮಾಡಿಸಬೇಕಾಗಿ ಬಂದಿದೆ. ಜನ ಬೇರೆ ಕಡೆ ಹೋಗಲು ದಾರಿಯೇ ತೋರಿಸದಿದ್ದರೆ ಅವರಾದರೂ ಏನು ಮಾಡಿಯಾರು? ನಡೆಯುವವರು ಬಂದರೆ ಹುಲಿಕೆರೆಯ ಟೀ ಅಂಗಡಿಗೂ ನಾಲ್ಕು ಕಾಸು ಹುಟ್ಟುತ್ತದೆ.

ಇದಕ್ಕೆ ದೊಡ್ಡ ಯೋಜನೆ, ಡಿಪಿಆರ್ ಎಂಬ ದಪ್ಪ ಯೋಜನಾ ವರದಿ, ಕಾಂಕ್ರೀಟ್ ಕಮಾನು ಏನೂ ಬೇಡ. ದಯವಿಟ್ಟು ಟೈಲ್ಸ್ ಹಾಕಬೇಡಿ. ಜಿಲ್ಲಾಡಳಿತ ಆ ಸುತ್ತಿನ ಪಂಚಾಯಿತಿಗಳನ್ನು ಕೂರಿಸಿಕೊಂಡು ನಕಾಶೆ ಕಂಡ ದಾರಿಗಳನ್ನು ಮೊದಲು ಅಳೆಸಲಿ. ಒತ್ತುವರಿ ಇಲ್ಲದ ಕಡೆಯಿಂದಲೇ ಶುರುಮಾಡಲಿ, ಜಗಳ ಇರುವ ಕಡೆ ಆಮೇಲೆ. ಪುರಾತತ್ವ ಇಲಾಖೆಯ ರಕ್ಷಿತ ಕಲ್ಲುಗಳಿಗೆ ಬಣ್ಣ ತಾಗಿಸುವ ಹಾಗಿಲ್ಲ. ಅಲ್ಲಿ ಮರದ ಗೂಟ ನೆಟ್ಟರೆ ಸಾಕು. ನಕ್ಷೆ ಓದುವ ಜನ ಬೇಕೆಂದರೆ ನನ್ನಂಥ ನಿವೃತ್ತ ಸರ್ವೆಯರ್‌ಗಳು ಹಾಸನದಲ್ಲಿ ಬೇಕಾದಷ್ಟಿದ್ದೇವೆ. ಬೆಳಿಗ್ಗೆ ಹೇಗೂ ಪಾರ್ಕಿನಲ್ಲಿ ಸುತ್ತು ಹಾಕುತ್ತೇವೆ. ಬಣ್ಣ, ಬ್ರಷ್, ಜೊತೆಗೊಂದು ಆದೇಶದ ಪ್ರತಿ ಕೊಡಲಿ. ಸಂಬಳ ಬೇಡ, ಹಳೇಬೀಡಿನ ತನಕ ಬಸ್ ಚಾರ್ಜು ನಮ್ಮದೇ.

ಇಂತಿ,
ನಿವೃತ್ತ ಭೂಮಾಪಕ, ಹಾಸನ